ನೆರೆಯೂ ನೆರೆಹೊರೆಯೂ

ಕನ್ನಡದಲ್ಲಿ ‘ನೆರೆ’ ಎಂಬುದೊಂದು ಸೊಗಸಾದ ಮಾತು. ಹೊಳೆ ದಡ ಮೀರಿ ಬಂದರೆ ಅದು ನೆರೆ. ಪಕ್ಕದ ಮನೆಯವನೂ ನೆರೆಯವನೇ. ಹತ್ತು ಜನ ಒಂದೆಡೆ ಕೂಡಿದರೆ ನೆರೆದರು ಎನ್ನುತ್ತೇವೆ. ತುಂಬುವುದು, ಕೂಡುವುದು, ಬಳಿಯಲ್ಲಿರುವುದು ಮೂರೂ ಎರಡಕ್ಷರದೊಳಗೆ ಅಡಗಿ ಕುಳಿತಿವೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ನಾನಾರ್ಥಗಳನ್ನು ವಿವರಿಸಬೇಕಾದಾಗಲೆಲ್ಲ ಈ ಮಾತನ್ನೇ ಉದಾಹರಿಸುವುದು ವಾಡಿಕೆ. ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಉಕ್ಕಿ ಬರುವ ನೀರಿಗೂ ಬಳಿಯಲ್ಲಿರುವ ಮನುಷ್ಯನಿಗೂ ಒಂದೇ ಹೆಸರಿರುವುದರಲ್ಲಿ ಏನಾದರೂ ಮರ್ಮವುಂಟೇ ಎಂಬ ಯೋಚನೆ ನನಗೆ ಹತ್ತಿದ್ದು 2024ರ ಜುಲೈ ಕೊನೆಯಲ್ಲಿ, ವಯನಾಡಿನ ಗುಡ್ಡ ಜಾರಿದ ಸುದ್ದಿ ಬಂದ ಮೇಲೆ.

ಮೈಸೂರು ಸೀಮೆಯವರಿಗೆ ವಯನಾಡು ದೂರದ ದೇಶವಲ್ಲ. ನಮ್ಮ ಕಬಿನಿ ಹುಟ್ಟುವುದು ಅಲ್ಲಿ. ಅಲ್ಲಿ ಮಳೆ ಹಿಡಿದರೆ ಇಲ್ಲಿ ಅಣೆಕಟ್ಟಿನ ಬಾಗಿಲು ತೆಗೆಯುತ್ತಾರೆ. ಹೊಳೆಯ ಕೆಳಗಿನ ಊರುಗಳಲ್ಲಿ ತಮಟೆ ಸಾರುತ್ತಾರೆ. ಹೆಗ್ಗಡದೇವನಕೋಟೆಯಿಂದ ಬಾವಲಿಯ ದಾರಿ ಹಿಡಿದು ಕಾಡು ದಾಟಿದರೆ ಮಾನಂದವಾಡಿ ಸಿಕ್ಕಿತು. ಶುಂಠಿ ಹೊಲಕ್ಕೂ ಕಾಫಿ ತೋಟಕ್ಕೂ ಈ ಕಡೆಯಿಂದ ಕೂಲಿಗೆ ಹೋಗುವ ಜನ ಎಷ್ಟೋ. ಆದುದರಿಂದ ಆ ಸುದ್ದಿಯನ್ನು ನಾವು ಪರನಾಡಿನ ಸುದ್ದಿಯಾಗಿ ಓದಲಿಲ್ಲ. ಪತ್ರಿಕೆಗಳಲ್ಲಿ ಸತ್ತವರ ಸಂಖ್ಯೆ ಬಂತು, ಕೊಚ್ಚಿಹೋದ ಮನೆಗಳ ಲೆಕ್ಕ ಬಂತು, ಪರಿಹಾರದ ಮೊತ್ತ ಬಂತು. ಉಳಿದುಕೊಂಡವನ ಮನಸ್ಸಿಗೆ ಏನಾಯಿತು, ಅದನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಒಳಪುಟಗಳಲ್ಲಿ ಒಂದೆರಡು ಸಾಲಿಗೆ ಮುಗಿದಿತ್ತು. ಆದರೆ ಈ ಆರೈಕೆಗೂ ಒಂದು ಇತಿಹಾಸವುಂಟು. ಅದರ ಬಹುಭಾಗ ನಮ್ಮ ನಾಡಿನಲ್ಲಿಯೇ, ನಮ್ಮ ಕಣ್ಣೆದುರಿನಲ್ಲಿಯೇ ನಡೆದುದಾದರೂ ನಮಗೆ ಅದರ ಪರಿಚಯ ಕಡಮೆ.

ಮೊದಲು ಕೋಟೆ ಸೀಮೆಯ ಎನ್. ಬೇಗೂರಿನ ಮಾತನ್ನು ಹೇಳಿಬಿಡುತ್ತೇನೆ. ನಮ್ಮ ನಾಡಿನಲ್ಲಿ ಬೇಗೂರುಗಳು ಹಲವು. ವೀರಗಲ್ಲಿಗೆ ಹೆಸರಾದದ್ದು ಬೆಂಗಳೂರಿನ ಬೇಗೂರು. ಗುಂಡ್ಲುಪೇಟೆಯ ಕಡೆ ಇನ್ನೊಂದು. ಈ ಗೊಂದಲ ಬೇಡವೆಂದೋ ಏನೋ ಇದಕ್ಕೆ ಹಿಂದೆ ಒಂದು ಅಕ್ಷರ ಅಂಟಿಕೊಂಡಿದೆ. ಬಂಡೀಪುರದ ಕಾಡಿನ ಅಂಚಿನ ಊರು. ಕಾಡಿನ ಒಂದು ವಲಯಕ್ಕೇ ಈ ಊರಿನ ಹೆಸರಿದೆ. ಆ ಸೀಮೆಯಲ್ಲಿ ವಿಪತ್ತು ಎಂಬುದು ವರ್ಷಕ್ಕೊಮ್ಮೆ ಬರುವ ಅತಿಥಿಯಲ್ಲ. ರಾತ್ರಿ ಆನೆ, ಹಗಲು ಹುಲಿಯ ಹೆಜ್ಜೆ. ಹುಲಿಗೆ ಸಿಕ್ಕಿ ಸತ್ತವನ ಮನೆಗೆ ಸರಕಾರದ ಹಣ ತಲಪುವುದುಂಟು. ಮರುದಿನ ಅದೇ ಹೊಲಕ್ಕೆ ಹತ್ತಿ ಬಿಡಿಸಲು ಹೋಗಬೇಕಾದ ಹೆಂಡತಿಯ ಎದೆಯ ನಡುಕಕ್ಕೆ ಯಾವ ಕಚೇರಿಯಲ್ಲಿಯೂ ಅರ್ಜಿ ನಮೂನೆಯಿಲ್ಲ.

ಆದರೆ ಆ ಸೀಮೆಯ ದೊಡ್ಡ ವಿಪತ್ತನ್ನು ಯಾರೂ ವಿಪತ್ತು ಎಂದು ಕರೆದವರಲ್ಲ. ಬಿದರಹಳ್ಳಿಯ ಬಳಿ ಕಬಿನಿಗೆ ಕಟ್ಟಿದ ಅಣೆ 1974ರಲ್ಲಿ ಮುಗಿಯಿತು. ಹತ್ತೊಂಬತ್ತೂವರೆ ಟಿ.ಎಂ.ಸಿ. ಅಡಿಯಷ್ಟು ನೀರು ನಿಲ್ಲುವಂತಾಯಿತು. ಕೆಳಗಿನ ಬಯಲಿಗೆ ಬತ್ತ ಬಂತು, ಪಟ್ಟಣಗಳಿಗೆ ಕುಡಿಯುವ ನೀರು ಬಂತು, ಅದನ್ನು ಅಲ್ಲಗಳೆಯುವಂತಿಲ್ಲ. ಹಿನ್ನೀರಿನೊಳಗೆ ಹಳ್ಳಿಗಳು ಮುಳುಗಿದವು. ಅವುಗಳಲ್ಲಿ ಕಿತ್ತೂರೂ ಒಂದು. ಇತಿಹಾಸ ಓದಿದವರು ಬಲ್ಲರು, ಅದು ಹಳೆಯ ಪುನ್ನಾಟ ರಾಜ್ಯದ ರಾಜಧಾನಿ, ಶಾಸನಗಳ ಕಿತ್ತಿಪುರ. ಗಂಗರ ಕಾಲದ ನೆನಪಿದ್ದ ನೆಲ ಒಂದು ಮಳೆಗಾಲದಲ್ಲಿ ಮೀನಿನ ಮನೆಯಾಯಿತು. ವಿದ್ವಾಂಸರು ರಾಜಧಾನಿಗಾಗಿ ಮರುಗಿದರು, ಸರಿಯೇ. ಕಿತ್ತೂರಿನ ಕೊನೆಯ ಒಕ್ಕಲಿಗಾಗಿ ಮರುಗಿದವರು ಕಡಮೆ.

ಹಿನ್ನೀರಿನಿಂದ ಎದ್ದು ಬಂದ ಕುಟುಂಬದ ವೃದ್ಧೆಯೊಬ್ಬಳನ್ನು ಎನ್. ಬೇಗೂರಿನ ಕಡೆ ಹೋದಾಗ ನಾನು ಮಾತನಾಡಿಸಿದ್ದುಂಟು. ಮೊಮ್ಮಗ ನನ್ನ ವಿದ್ಯಾರ್ಥಿ. ಜಗಲಿಯ ಮೇಲೆ ಕುಳಿತು ಎಲೆ ಅಡಕೆ ಹಾಕುತ್ತಿದ್ದ ಆಕೆಯನ್ನು, “ಅವ್ವ, ಸರಕಾರದವರು ನಿಮಗೆ ಏನೂ ಕೊಡಲಿಲ್ಲವೇ?” ಎಂದು ಕೇಳಿದೆ.

“ಕೊಡ್ದೆ ಏನ್ ಮೇಷ್ಟ್ರೇ? ಜಾಗ ಕೊಟ್ರು, ದುಡ್ಡು ಕೊಟ್ರು. ಕೇರಿ ಕೊಡ್ನಿಲ್ಲ.”

ಸ್ವಲ್ಪ ಹೊತ್ತು ಬಿಟ್ಟು ಆಕೆಯೇ ಮುಂದುವರಿಸಿದಳು: “ಅಲ್ಲಿ ನಮ್ ಕೇರೀಲಿ ಯಾರ್ ಮನೆ ಮಗ ಕೆಮ್ಮುದ್ರೂ ನಂಗೆ ಕೇಳಿಸ್ತಿತ್ತು ಕಣಪ್ಪ. ಇಲ್ಲಿಗ್ ಬಂದ್ಮೇಲೆ ನಮ್ಮವ್ವ ಸತ್ಲು. ಸೊಪ್ಪುಸಾರು ತಕ್ಕೊಂಡು ಬರೋರು ಒಬ್ರೂ ಇರ್ನಿಲ್ಲ. ನಾನೇ ಒಲೆ ಹಚ್ಚ್‌ದೆ.”

ಪಟ್ಟಣದ ಓದುಗರಿಗೆ ಕೊನೆಯ ಮಾತಿನ ತೂಕ ಒಡನೆಯೇ ತಿಳಿಯಲಿಕ್ಕಿಲ್ಲ. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವ ಪದ್ಧತಿಯಿಲ್ಲ. ನೆರೆಮನೆಯಿಂದ ಮುದ್ದೆ ಸಾರು ಬರಬೇಕು. ಒಲ್ಲೆನೆಂದರೂ ಕೂರಿಸಿ ಉಣ್ಣಿಸಬೇಕು. ಹೆಂಗಸರು ಬಂದು ತಬ್ಬಿಕೊಂಡು ಸತ್ತವನ ಗುಣಗಳನ್ನು ಹಾಡಿಕೊಂಡು ಅಳುತ್ತಾರೆ. ಹಾಲುತುಪ್ಪದ ದಿನ, ತಿಥಿಯ ದಿನ ಎಂದು ಲೆಕ್ಕವಿಟ್ಟು ಮತ್ತೆ ಮತ್ತೆ ಜನ ನೆರೆಯುತ್ತಾರೆ. ತಿಥಿಯ ರಾತ್ರಿ ತಂಬೂರಿಯವರನ್ನು ಕರೆಸಿ ಬೆಳಗಿನ ತನಕ ಪದ ಹೇಳಿಸುವ ಮನೆಗಳು ಈಗಲೂ ಉಂಟು. ಅಳಬೇಕಾದವನು ಅಳದೆ ಕುಳಿತರೆ ಹಿರಿಯರು ಗಾಬರಿಯಾಗುತ್ತಾರೆ. ಯಾರಾದರೂ ಒಬ್ಬರು ಅವನ ಪಕ್ಕದಲ್ಲಿಯೇ ಮಲಗುತ್ತಾರೆ. ಇವೆಲ್ಲ ಸತ್ತವನ ಸದ್ಗತಿಗೆಂದು ನಾವು ನಂಬಿರುವ ಆಚಾರಗಳು. ಇದ್ದವನನ್ನು ಬದುಕಿನ ದಡಕ್ಕೆ ಎಳೆದು ತರುವ ಹಗ್ಗಗಳೂ ಹೌದು. ಊರ ಮುಂದಿನ ವೀರಗಲ್ಲುಗಳೂ ಹೀಗೆಯೇ. ತುರು ಬಿಡಿಸಲು ಹೋಗಿ ಸತ್ತವನ, ಹುಲಿಯೊಡನೆ ಹೋರಾಡಿ ಸತ್ತವನ ಅಕಾಲಮರಣವನ್ನು ಊರೆಲ್ಲ ಸೇರಿ ಕಲ್ಲಿನ ಮೇಲೆ ಕೆತ್ತಿಸಿ, ಮೇಲಿನ ಅಂಕಣದಲ್ಲಿ ಅವನನ್ನು ಸ್ವರ್ಗಕ್ಕೆ ಸೇರಿಸುವವರೆಗೆ ಊರಿಗೂ ನೆಮ್ಮದಿಯಿರಲಿಲ್ಲವೇನೋ.

ಈ ಹಗ್ಗಗಳೆಲ್ಲ ಒಂದು ಮನೆಯ ಸಾವಿಗೆ ಸಾಕು. ಸಂತೈಸಬೇಕಾದ ನೆರೆಮನೆಯಲ್ಲಿಯೂ ಹೆಣ ಬಿದ್ದಿದ್ದರೆ? ವಿಪತ್ತಿಗೂ ಸಾವಿಗೂ ಇರುವ ವ್ಯತ್ಯಾಸ ಇಲ್ಲಿದೆ ಎಂದು ನನ್ನ ಭಾವನೆ. ಸಾವು ಮನೆಯನ್ನು ಒಡೆಯುತ್ತದೆ, ಕೇರಿ ಅದನ್ನು ಕಟ್ಟುತ್ತದೆ. ವಿಪತ್ತು ಕೇರಿಯನ್ನೇ ಒಡೆಯುತ್ತದೆ.

ನಮ್ಮ ಜನ ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕಂಡದ್ದು 1876ರಿಂದ 78ರವರೆಗಿನ ಬರದಲ್ಲಿ. ಧಾತು ಈಶ್ವರ ಸಂವತ್ಸರಗಳ ಬರವೆಂದು ಅಜ್ಜಂದಿರು ಹೇಳುತ್ತಿದ್ದುದು ಇದನ್ನೇ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದ ಜನ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿದ್ದರು. ಆಗ ಆಳುತ್ತಿದ್ದವರು ಇಂಗ್ಲಿಷರು. ಗಂಜಿಕೇಂದ್ರ ತೆರೆದರು, ಕಾಮಗಾರಿ ತೆಗೆದರು. ಮದ್ರಾಸು ಪ್ರಾಂತದಲ್ಲಂತೂ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ದಿನಕ್ಕೆ ಒಂದು ಪೌಂಡು ಧಾನ್ಯದ ಕೂಲಿ ಸಾಕೆಂದು ಗೊತ್ತುಮಾಡಿ ಇತಿಹಾಸದಲ್ಲಿ ಅಪಕೀರ್ತಿ ಉಳಿಸಿಕೊಂಡನು. 1880ರ ಕ್ಷಾಮ ಆಯೋಗ, ಅದರ ಫಲವಾಗಿ ಬಂದ ಕ್ಷಾಮ ಸಂಹಿತೆಗಳು ಎಲ್ಲವೂ ಎಷ್ಟು ಸೇರು, ಎಷ್ಟು ಕಾಸು, ಎಷ್ಟು ಮೈಲಿ ಎಂಬ ಲೆಕ್ಕದವು. ಹೊಟ್ಟೆ ಮೊದಲು ಎಂಬುದು ಸತ್ಯವೇ. ಆದರೂ ಎಷ್ಟೋ ಜನ ಗಂಜಿಯ ಮನೆಗೆ ಹೋಗಲು ಹಿಂಜರಿದರೆಂದೂ, ಜಾತಿಯ ಭಯವೂ ಮಾನದ ಭಯವೂ ಹಸಿವಿಗಿಂತ ದೊಡ್ಡವಾದುವೆಂದೂ ಆ ಕಾಲದ ವರದಿಗಳೇ ಹೇಳುತ್ತವೆ. ಅನ್ನ ಕೊಡುವ ರೀತಿಯಲ್ಲಿಯೂ ಮನಸ್ಸನ್ನು ಉಳಿಸುವುದು ಅಥವಾ ಮುರಿಯುವುದು ಇದೆ ಎಂಬ ಪಾಠ ಅಲ್ಲಿತ್ತು. ಯಾರೂ ಓದಲಿಲ್ಲ.

ಇಪ್ಪತ್ತು ವರ್ಷಗಳಲ್ಲಿ ಪ್ಲೇಗು ಬಂತು. 1896ರಲ್ಲಿ ಮುಂಬಯಿಗೆ ಬಂದದ್ದು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಇಳಿಯಿತು. ಪ್ಲೇಗಿನ ಕಾಲದ ನೆನಪುಗಳಲ್ಲಿ ಎರಡು ಬಗೆ. ಹಳ್ಳಿಯವರು ಇಲಿ ಬಿದ್ದೊಡನೆ ಊರಿಗೆ ಊರೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅಲ್ಲಿ ಗುಡಿಸಲುಗಳೂ ಕೇರಿಯ ಕ್ರಮದಲ್ಲಿಯೇ ಏಳುತ್ತಿದ್ದುವಂತೆ. ಭಜನೆ ನಡೆಯುತ್ತಿತ್ತು, ಮದುವೆಯ ಮಾತುಕತೆಯೂ ನಡೆಯುತ್ತಿತ್ತು. ಮಾರಿಯ ಸಾಲಿಗೆ ಪ್ಲೇಗಿನಮ್ಮ ಎಂಬ ಹೊಸ ದೇವತೆಯನ್ನೂ ಸೇರಿಸಿಕೊಂಡರು. ಇನ್ನೊಂದು ಬಗೆ ಸರಕಾರದ್ದು. ಮನೆ ಹೊಕ್ಕು ಶೋಧಿಸುವುದು, ರೋಗಿಯನ್ನು ಮನೆಯವರಿಂದ ಬೇರ್ಪಡಿಸಿ ಕ್ಯಾಂಪಿಗೆ ಒಯ್ಯುವುದು. ವೈದ್ಯಶಾಸ್ತ್ರದ ದೃಷ್ಟಿಯಿಂದ ಅದಕ್ಕೆ ಕಾರಣವಿತ್ತು. ಜನರಿಗೆ ರೋಗಕ್ಕಿಂತ ಆ ಅಗಲಿಕೆಯೇ ಭಯಂಕರವಾಯಿತು. 1898ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಇದಕ್ಕಾಗಿ ಗಲಭೆಯೇ ನಡೆಯಿತು. ಎರಡು ಬಗೆಗಳಲ್ಲಿಯೂ ಮನೆ ಬಿಡುವುದಿತ್ತು. ಒಂದರಲ್ಲಿ ನೆರೆಹೊರೆ ಜೊತೆಗೆ ಬಂತು, ಇನ್ನೊಂದರಲ್ಲಿ ಬರಲಿಲ್ಲ.

ಮನಸ್ಸಿನ ವೈದ್ಯವಾದರೋ ಆ ಕಾಲದಲ್ಲಿ ಎತ್ತರದ ಗೋಡೆಯೊಳಗಿನ ಕೆಲಸ. ಬೆಂಗಳೂರಿನ ಹುಚ್ಚಾಸ್ಪತ್ರೆ ಹತ್ತೊಂಬತ್ತನೆಯ ಶತಮಾನದ ನಡುವಿನಷ್ಟು ಹಳೆಯದು. 1925ರಲ್ಲಿ ಅದು ಮಾನಸಿಕ ಆಸ್ಪತ್ರೆಯೆಂದು ಹೆಸರು ಬದಲಿಸಿತು. 1954ರಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಅದರ ಮಗ್ಗುಲಲ್ಲಿ ಹುಟ್ಟಿತು. 1974ರ ಡಿಸೆಂಬರಿನಲ್ಲಿ ಎರಡೂ ಕೂಡಿ ಈಗ ನಾವು ನಿಮ್ಹಾನ್ಸ್ ಎನ್ನುವ ಸಂಸ್ಥೆಯಾಯಿತು. ಕಬಿನಿಯ ಅಣೆ ಮುಗಿದದ್ದೂ ಅದೇ ವರ್ಷ. ಕಾಕತಾಳೀಯ, ಆದರೂ ಬರೆಯದಿರಲಾರೆ. ಮರುವರ್ಷವೇ ಅಲ್ಲಿನ ವೈದ್ಯರಲ್ಲಿ ಕೆಲವರು ಗೋಡೆಯಿಂದಾಚೆಗೆ ಹೊರಟರು. ಬೆಂಗಳೂರಿನ ಹೊರಗೆ ಸಕಲವಾರ ಎಂಬ ಹಳ್ಳಿಯಲ್ಲಿ ಕೇಂದ್ರ ಮಾಡಿಕೊಂಡು, ಹಳ್ಳಿಯ ಆರೋಗ್ಯ ಕಾರ್ಯಕರ್ತನಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯನಿಗೂ ಮನೋರೋಗದ ಮೊದಲ ಪಾಠಗಳನ್ನು ಹೇಳಿಕೊಟ್ಟರೆ ಸಾಕಷ್ಟು ಕೆಲಸವಾಗುವುದೆಂದು ತೋರಿಸಿದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ದೊಡ್ಡದಾಗಿ ಮಾಡಿ ನೋಡಿದರು. 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆ ಬಂದಾಗ ಅದಕ್ಕೆ ಮಾದರಿಯಾದದ್ದು ಬಳ್ಳಾರಿಯೇ. ತಜ್ಞನಲ್ಲದವನೂ ಕಲಿತು ಮಾಡಬಹುದು ಎಂಬ ಈ ಒಂದು ನಂಬಿಕೆ ಮುಂದಿನ ಕತೆಗೆಲ್ಲ ಬೀಜ.

1981ರ ಫೆಬ್ರುವರಿ 7, ಶನಿವಾರ. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಮಧ್ಯಾಹ್ನದ ಆಟ, ಒಳಗೆ ತುಂಬ ಮಕ್ಕಳು. ಸತ್ತವರಲ್ಲಿಯೂ ಅವರೇ ಹೆಚ್ಚು. ಆ ದಿನವನ್ನು ಕಂಡ ಹಿರಿಯ ಬೆಂಗಳೂರಿಗರು ಈಗಲೂ ಆ ಮಾತು ಬಂದರೆ ದನಿ ತಗ್ಗಿಸುತ್ತಾರೆ. ನಿಮ್ಹಾನ್ಸಿನವರು ಸತ್ತವರ ಬಂಧುಗಳ ದುಃಖದ ಬಗೆಯನ್ನು ಅಭ್ಯಾಸ ಮಾಡಿ 1987ರಲ್ಲಿ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿಪತ್ತಿನ ಅನಂತರದ ಮನಸ್ಸನ್ನು ಕುರಿತು ನಮ್ಮ ದೇಶದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೊಂದು. ಟಿಕೆಟ್ಟು ಕೊಡಿಸಿ ಮಗುವನ್ನು ಆಟಕ್ಕೆ ಕಳಿಸಿದ ತಂದೆಯ ಸ್ಥಿತಿಯನ್ನು ಊಹಿಸಿಕೊಂಡರೆ, ದುಃಖ ಎಂಬ ಮಾತೇ ಸಾಲದೆಂದು ತಿಳಿಯುತ್ತದೆ. ಅಲ್ಲಿ ದುಃಖದ ಜೊತೆಗೆ ತಾನೇ ಕಳಿಸಿದೆನೆಂಬ ಪಾಪಭಾವವೊಂದು ಸುತ್ತಿಕೊಂಡಿರುತ್ತದೆ. ಹಾಡಿಕೊಂಡು ಅಳುವುದರಿಂದ ಅದು ಬಿಡುವುದಿಲ್ಲ.

ಅಧ್ಯಯನ ಆರೈಕೆಯಾಗಿ ತಿರುಗಿದ್ದು ಭೋಪಾಲದಲ್ಲಿ. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಟಿತು. ಸಾವಿರಾರು ಜನ ಸತ್ತರು; ಲಕ್ಷಾಂತರ ಜನ ಕಣ್ಣು, ಶ್ವಾಸಕೋಶ ಕೆಡಿಸಿಕೊಂಡು ಉಳಿದರು. ದೇಶದ ವೈದ್ಯರೆಲ್ಲ ಶ್ವಾಸಕೋಶದ ಕಡೆ ನೋಡುತ್ತಿದ್ದರು, ನೋಡಲೇಬೇಕಾಗಿತ್ತು. ಕೆಲವು ವಾರಗಳಲ್ಲಿ ಬೇರೊಂದು ತೊಂದರೆ ಕಾಣಿಸಿತು. ನಿದ್ದೆ ಬಾರದವರು, ಎದೆ ಹಿಡಿದಂತಾಯಿತೆಂದು ಓಡಿ ಬರುವವರು, ಏನೂ ಬೇಡವೆಂದು ಗೋಡೆ ನೋಡುತ್ತ ಕೂರುವವರು. ಆಗ ಮಧ್ಯಪ್ರದೇಶದ ಐದು ವೈದ್ಯಕೀಯ ಕಾಲೇಜುಗಳಲ್ಲಿ ಒಂದರಲ್ಲಿಯೂ ಮನೋವೈದ್ಯ ಅಧ್ಯಾಪಕರಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಮೂಲಕ ಹೊರಗಿನಿಂದ ಹೋದವರಲ್ಲಿ ನಿಮ್ಹಾನ್ಸಿನ ಡಾ. ಆರ್. ಶ್ರೀನಿವಾಸಮೂರ್ತಿ ಒಬ್ಬರು. ಬೆಂಗಳೂರಿನಿಂದ ತಜ್ಞರನ್ನು ಸಾಗಿಸಿ ಎಷ್ಟು ದಿನ ಇರಿಸಬಹುದು? ಸಕಲವಾರದ ಉಪಾಯವೇ ಅಲ್ಲಿಯೂ ನೆರವಿಗೆ ಬಂತು. 1985ರಲ್ಲಿ, ಗ್ಯಾಸ್ ತಗುಲಿದ ಬಡಾವಣೆಗಳ ಚಿಕಿತ್ಸಾಲಯಗಳಲ್ಲಿ ಆಗಲೇ ದುಡಿಯುತ್ತಿದ್ದ ಸಾಮಾನ್ಯ ವೈದ್ಯರಿಗೆ ತರಬೇತು ಕೊಟ್ಟರು. ಅವರಿಗಾಗಿ ಕೈಪಿಡಿ ಬರೆದರು. ರೋಗಿ ಕೆಮ್ಮು ಎಂದಾಗ ಕೆಮ್ಮಿನ ಹಿಂದೆ ಸತ್ತ ಮಗುವಿನ ನೆನಪಿರಬಹುದು, ಕೇಳಿ. ಕೇಳಿದ್ದನ್ನು ಅವಸರದಿಂದ ಮಾತ್ರೆಯಾಗಿ ಪರಿವರ್ತಿಸಬೇಡಿ. ಆ ಪಾಠದ ಸಾರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು.

ಅಲ್ಲಿಂದ ಮುಂದಕ್ಕೆ ದೇಶದಲ್ಲಿ ಎಲ್ಲಿ ವಿಪತ್ತಾದರೂ ಬೆಂಗಳೂರಿನ ಈ ಜನ ಹೋಗುವುದು ರೂಢಿಯಾಯಿತು. ಬೀದರ, ಕಲಬುರಗಿಗಳಲ್ಲಿಯೂ ಪಾತ್ರೆಗಳನ್ನು ಅಲುಗಿಸಿದ 1993ರ ಕಿಲ್ಲಾರಿ ಭೂಕಂಪ, 1999ರ ಒಡಿಶಾ ಚಂಡಮಾರುತ, 2001ರ ಗುಜರಾತಿನ ಭೂಕಂಪ, 2004ರ ಡಿಸೆಂಬರ್ 26ರ ಸುನಾಮಿ ಒಂದರ ಹಿಂದೊಂದು ಬಂದವು. ಇವುಗಳಲ್ಲಿ ಒಡಿಶಾದ ಅನುಭವ ನನಗೆ ಮುಖ್ಯವಾಗಿ ಕಾಣುತ್ತದೆ. ಅಲ್ಲಿ ವೈದ್ಯನ ಕೆಳಗೆ ಇನ್ನೊಂದು ಮೆಟ್ಟಲು ಇಳಿದರು. ವೈದ್ಯರೂ ಅಲ್ಲದ, ದಾದಿಯರೂ ಅಲ್ಲದ ಹಳ್ಳಿಯ ಹೆಂಗಸರನ್ನೂ ತರುಣರನ್ನೂ ಆರಿಸಿ ಕಲಿಸಿದರು. ಅವರಿಗೆ ‘ಸ್ನೇಹಕರ್ಮಿ’ ಎಂದು ಹೆಸರು. ಗುಡಿಸಲಿನಿಂದ ಗುಡಿಸಲಿಗೆ ಹೋಗುವುದು, ಜೊತೆಯಲ್ಲಿ ಕೂರುವುದು, ಪರಿಹಾರದ ಕಾಗದ ಓದಿ ಹೇಳುವುದು, ವಿಧವೆಗೆ ಕೆಲಸ ಹುಡುಕಿಕೊಡುವುದು, ತೀರ ಕೆಟ್ಟ ಸ್ಥಿತಿಯಲ್ಲಿರುವವರನ್ನು ಗುರುತಿಸಿ ವೈದ್ಯರ ಬಳಿಗೆ ಕರೆತರುವುದು. ಎಂಥ ಒಳ್ಳೆಯ ಹೆಸರು! ನಮ್ಮ ಸರಕಾರಿ ಕನ್ನಡದಲ್ಲಿಯಾಗಿದ್ದರೆ ‘ಮನೋಸಾಮಾಜಿಕ ಆಪ್ತಸಮಾಲೋಚನಾ ಸಹಾಯಕ’ರಾಗಿಬಿಡುತ್ತಿದ್ದರು.

ಇದೇ ಕಾಲದಲ್ಲಿ ಪಶ್ಚಿಮದಲ್ಲಿ ಬೇರೊಂದು ಪದ್ಧತಿ ಬಳಕೆಯಲ್ಲಿತ್ತು. ಅವಘಡ ನಡೆದ ಕೆಲವೇ ದಿನಗಳಲ್ಲಿ ಬದುಕುಳಿದವರನ್ನೆಲ್ಲ ಕೂರಿಸಿ, ಆದುದನ್ನು ಒಂದೊಂದಾಗಿ ವಿವರವಾಗಿ ಹೇಳಿಸಿ, ಮನಸ್ಸಿನೊಳಗಿನ ಕಲ್ಮಷವನ್ನು ಒಂದೇ ಬೈಠಕ್ಕಿನಲ್ಲಿ ಹೊರಹಾಕಿಸುವುದು. ಕೇಳಲು ಸರಿಯೆನಿಸುತ್ತದೆ. ಪರೀಕ್ಷೆ ಮಾಡಿ ನೋಡಿದಾಗ ಅದರಿಂದ ಪ್ರಯೋಜನ ಕಾಣಲಿಲ್ಲ. ಕೆಲವರಿಗೆ ಗಾಯ ಇನ್ನಷ್ಟು ಆಳವಾದದ್ದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ ಅದು ಬೇಡವೆಂದಿತು. ಹಸಿ ಗಾಯವನ್ನು ಕೆದಕಬಾರದೆಂಬುದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ವಿಷಯ. ಆದರೆ ಮಾತಿನ ಕೋಲು ಹಿಡಿದು, “ನಿಮ್ಮ ಕಣ್ಣ ಮುಂದೆಯೇ ಮಗ ಕೊಚ್ಚಿಹೋದನಂತಲ್ಲ, ಆಗ ಹೇಗನ್ನಿಸಿತು?” ಎಂದು ಕೇಳುವ ದೂರದರ್ಶನದ ತರುಣರಿಗೆ ಇದನ್ನು ಯಾರಾದರೂ ಹೇಳಬೇಕು.

2007ರಲ್ಲಿ ವಿಶ್ವಸಂಸ್ಥೆಯ ಅಂಗಗಳೂ ಬೇರೆ ಸಂಸ್ಥೆಗಳೂ ಕೂಡಿ ಈ ಅನುಭವಗಳನ್ನೆಲ್ಲ ಒಂದು ಮಾರ್ಗಸೂಚಿಯಾಗಿ ತಂದವು. ಅದರಲ್ಲೊಂದು ಗೋಪುರದ ಚಿತ್ರವುಂಟು. ತಳದಲ್ಲಿ ಅನ್ನ, ನೀರು, ಸೂರು, ಭದ್ರತೆ. ಇವನ್ನೂ ಮಾನ ಕಳೆಯದ ರೀತಿಯಲ್ಲಿ ಕೊಡಬೇಕು. ಅದರ ಮೇಲೆ ಕುಟುಂಬ, ನೆರೆಹೊರೆ, ಶಾಲೆ, ಪೂಜೆ ಪುನಸ್ಕಾರ. ಅದರ ಮೇಲೆ ತರಬೇತಾದ ಸಾಮಾನ್ಯರ ನೆರವು. ತುದಿಯ ಸಣ್ಣ ಭಾಗದಲ್ಲಿ ಮಾತ್ರ ಮನೋವೈದ್ಯ. ದೇವಾಲಯ ಕಟ್ಟುವಂತೆ ಅಧಿಷ್ಠಾನದಿಂದ ಕಟ್ಟಬೇಕು, ಕಳಸದಿಂದಲ್ಲ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ 2009ರ ಡಿಸೆಂಬರಿನಲ್ಲಿ ಇದೇ ವಿಷಯಕ್ಕೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಇನ್ನೊಂದು ಸಣ್ಣ ಪುಸ್ತಕ ಬಂತು. ಅದರ ಹೂರಣ ಮೂರೇ ಮಾತು: ನೋಡು, ಕೇಳು, ಕೂಡಿಸು. ಇಷ್ಟು ಹೇಳಲು ಜಗತ್ತಿನ ಪಂಡಿತರೆಲ್ಲ ಸೇರಬೇಕಾಗಿತ್ತೇ ಎಂದು ನಗಬೇಡಿ. ಸರಳವಾದದ್ದನ್ನು ಸರಕಾರದ ಕಾಗದದ ಮೇಲೆ ತರುವುದು ಎಲ್ಲಕ್ಕಿಂತ ಕಷ್ಟದ ಕೆಲಸ.

ನೆರೆಹೊರೆಯನ್ನು ಹೀಗೆ ಹೊಗಳುವಾಗ ಒಂದು ಮಾತನ್ನು ಮುಚ್ಚಿಡಬಾರದು. ಕೇರಿ ಸಂತೈಸುವಂತೆ ಚುಚ್ಚಲೂ ಬಲ್ಲದು. ಗಂಡನನ್ನು ನೀರಿಗೆ ಕಳೆದುಕೊಂಡವಳ ಕಾಲ್ಗುಣದ ಮಾತಾಡುವವರು ನೆರೆಮನೆಯವರೇ. ಬೆಚ್ಚಿ ಏಳುವ ಹುಡುಗನಿಗೆ ಗಾಳಿ ಸೋಕಿದೆಯೆಂದು ಬೇವಿನ ಸೊಪ್ಪಿನಿಂದ ಹೊಡೆಸುವವರೂ ಅವರೇ. ಆಶ್ರಯ ಕೇಂದ್ರದ ಒಂದೇ ಸೂರಿನಡಿ ಯಾರ ಪಕ್ಕ ಯಾರು ಮಲಗಬೇಕೆಂಬ ಜಾತಿಯ ಲೆಕ್ಕ ನೆರೆಯ ನೀರಿನಲ್ಲಿ ಕರಗಿ ಹೋಗುವುದಿಲ್ಲ. ಅಲ್ಲದೆ, ಪ್ರೀತಿಯಿಂದ ಮಾತ್ರ ವಾಸಿಯಾಗದ ಕಾಯಿಲೆಗಳಿವೆ. 2019ರ ಒಂದು ಲೆಕ್ಕದಂತೆ, ಯುದ್ಧ ಕಂಡ ನಾಡುಗಳಲ್ಲಿ ನೂರಕ್ಕೆ 22 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿರುತ್ತದೆ; ಸುಮಾರು 5 ಮಂದಿಗೆ ಅದು ತೀವ್ರ. ವಿಪತ್ತಿಗೆ ಮೊದಲೇ ಕಾಯಿಲೆಯಿದ್ದವನ ಮಾತ್ರೆಯ ಚೀಟಿ ಮನೆಯೊಡನೆ ಕೊಚ್ಚಿಹೋಗಿರುತ್ತದೆ. ಅವನಿಗೆ ಭಜನೆ ಸಾಲದು, ವೈದ್ಯ ಬೇಕು. ಸ್ನೇಹಕರ್ಮಿಗೆ ಕಲಿಸಬೇಕಾದದ್ದು ಇದನ್ನೂ ಕೂಡ: ತನ್ನ ಕೈಲಾಗದ್ದು ಯಾವುದೆಂದು.

ನಮ್ಮ ಕೊಡಗಿನ ಸರದಿ 2018ರ ಆಗಸ್ಟಿನಲ್ಲಿ ಬಂತು. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆಗಳ ಗುಡ್ಡಗಳು ತೋಟ ಸಮೇತ ಜಾರಿದವು; ಸಾವಿರಾರು ಜನ ಪರಿಹಾರ ಕೇಂದ್ರಗಳಿಗೆ ಬಂದರು. ನಿಮ್ಹಾನ್ಸಿನ ತಂಡ ಅಲ್ಲಿಗೂ ಹೋಯಿತು. ನಾಡಿನ ಎಲ್ಲೆಡೆಯಿಂದ ಲಾರಿಗಟ್ಟಲೆ ಅಕ್ಕಿ, ಕಂಬಳಿ ಹೋಯಿತು. ಕನ್ನಡಿಗರ ಕೈ ಚಿಕ್ಕದಲ್ಲ. ಎರಡು ವರ್ಷಗಳಾದ ಮೇಲೆ ಜಂಬೂರು, ಮದೆನಾಡುಗಳಲ್ಲಿ ಹೊಸ ಮನೆಗಳನ್ನು ಕೊಟ್ಟರು. ಸಾಲಾದ ಅಚ್ಚುಕಟ್ಟಾದ ಮನೆಗಳು. ಕೊಡಗಿನವನ ಮನೆ ಗುಡ್ಡಕ್ಕೊಂದರಂತೆ ತನ್ನ ತೋಟದ ನಡುವೆ ಇರುವುದು; ಅವನ ನೆರೆ ಕೂಗಳತೆಯ ನೆರೆ. ಗೋಡೆಗೆ ಗೋಡೆ ಹತ್ತಿಕೊಂಡ ಸಾಲುಮನೆ ಸೂರಾಗಬಲ್ಲದು; ಅದು ಊರಾಗಲು ಒಂದು ತಲೆಮಾರು ಬೇಕೇನೋ. ಮನೆಗಳನ್ನು ಹಂಚುವಾಗ ಹಳೆಯ ಊರಿನವರನ್ನು ಒಂದೇ ಸಾಲಿಗೆ ತರಲು ಸರಕಾರಕ್ಕೆ ಒಂದು ಕಾಸಿನ ಖರ್ಚೂ ಹೆಚ್ಚಾಗುವುದಿಲ್ಲ. ಕೋಟೆ ಸೀಮೆಯ ಅವ್ವ ಕೇಳಿದ್ದೂ ಅದನ್ನೇ.

ಇನ್ನು 2020. ಆ ವರ್ಷದ ವಿಪತ್ತು ನೆರೆಯವನನ್ನೇ ಅಪಾಯವಾಗಿ ಮಾಡಿತು. ಬಳಿ ಹೋಗಬೇಡ, ಮುಟ್ಟಬೇಡ, ಹೆಣದ ಮುಖ ನೋಡಬೇಡ. ಮರುವರ್ಷದ ಬೇಸಗೆಯಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಒಯ್ಯುವವರಿಲ್ಲದೆ ಉಳಿದ ಐನೂರಕ್ಕೂ ಹೆಚ್ಚು ಜನರ ಬೂದಿಯನ್ನು 2021ರ ಜೂನಿನಲ್ಲಿ ಸರಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಗೆ ಬಿಟ್ಟಿತು. ಕಂದಾಯ ಇಲಾಖೆ ಪಿಂಡಪ್ರದಾನ ಮಾಡಿಸಿದ್ದು ನಮ್ಮ ಇತಿಹಾಸದಲ್ಲಿ ವಿರಳ ಪ್ರಸಂಗ. ಅದನ್ನು ಆಡಂಬರವೆಂದು ಹಳಿದವರಿದ್ದರು, ನನಗೆ ಹಾಗೆನಿಸಲಿಲ್ಲ. ಬಳಿ ಬರಲಾಗದ ಆ ದಿನಗಳಲ್ಲಿ ನಿಮ್ಹಾನ್ಸಿನವರು ದೂರವಾಣಿಯಲ್ಲಿ ಸಂತೈಸುವ ವ್ಯವಸ್ಥೆ ಮಾಡಿದರು. 2022ರ ಅಕ್ಟೋಬರ್ 10ರಂದು ಅದೇ ಜಾಡಿನಲ್ಲಿ ದೇಶಕ್ಕೆಲ್ಲ ಟೆಲಿ ಮಾನಸ್ ಎಂಬುದು ಆರಂಭವಾಯಿತು. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಕಾಡಂಚಿನ ಹಾಡಿಗಳಲ್ಲಿ ಫೋನಿನ ಗೆರೆ ಏಳುವುದೇ ಕಷ್ಟ ಎಂಬುದು ಬೇರೆ ಮಾತು.

ಈಗ ವಯನಾಡಿಗೆ ಬರೋಣ. 2024ರ ಜುಲೈ 30ರ ನಸುಕಿಗೆ ಮುನ್ನ ಪುಂಜಿರಿಮಟ್ಟದಿಂದ ಜಾರಿದ ಗುಡ್ಡ ಮುಂಡಕ್ಕೈ, ಚೂರಲ್‌ಮಲೆಗಳನ್ನು ಎಳೆದುಕೊಂಡು ಹೋಯಿತು. ಸತ್ತವರಲ್ಲಿ ಎಸ್ಟೇಟಿನ ಕೆಲಸಕ್ಕೆ ಹೋಗಿ ನೆಲಸಿದ್ದ ನಮ್ಮ ಕಡೆಯ ಕನ್ನಡ ಕುಟುಂಬಗಳವರೂ ಇದ್ದರು. ಎಷ್ಟೋ ದೇಹಗಳು ಇಡಿಯಾಗಿ ಸಿಗಲಿಲ್ಲ, ಗುರುತೂ ಹತ್ತಲಿಲ್ಲ. ಅವನ್ನು ಪುತ್ತುಮಲೆಯಲ್ಲಿ ಸಾಲಾಗಿ ಹೂಳಿ, ಹೆಸರಿನ ಜಾಗದಲ್ಲಿ ಸಂಖ್ಯೆ ಬರೆದರು. ಎಲ್ಲ ಮತಗಳವರೂ ಸೇರಿ ಪ್ರಾರ್ಥಿಸಿದರು. ಹೆಣ ಸಿಗದ ಸಾವು ಎಲ್ಲಕ್ಕಿಂತ ಕ್ರೂರ. ಇವತ್ತು ಬಂದಾನು, ನಾಳೆ ಬಂದಾನು ಎಂದು ಬಾಗಿಲು ಕಾಯುವ ಮನಸ್ಸು ಅಳಲೂ ಆರದು, ಮರೆಯಲೂ ಆರದು. ಹಿಂದಿನವರು ಇದನ್ನು ಬಲ್ಲವರಾಗಿದ್ದರು. ದೇಹ ಸಿಗದಿದ್ದರೆ ಎಲೆಯಿಂದಲೋ ದರ್ಭೆಯಿಂದಲೋ ಪ್ರತಿಮೆ ಮಾಡಿ ಅದಕ್ಕೆ ಸಂಸ್ಕಾರ ಮಾಡುವ ವಿಧಿಯನ್ನು ಇರಿಸಿದ್ದರು. ಪುತ್ತುಮಲೆಯ ಸಂಖ್ಯೆಗಳಲ್ಲಿ ಕೆಲವು ಮುಂದೆ ಡಿ.ಎನ್.ಎ. ಪರೀಕ್ಷೆಯಿಂದ ಹೆಸರುಗಳಾದವು. ಹೆಸರು ತಿಳಿದ ಮೇಲೆ ಬಂಧುಗಳು ಬಂದು ಆ ಮಣ್ಣಿನ ಬಳಿ ಕುಳಿತು ಅತ್ತರಂತೆ. ಆ ಅಳುವಿಗಾಗಿಯೇ ಅಷ್ಟು ದಿನ ಕಾದಿದ್ದರೇನೋ.

ಕೇರಳದವರು ಶಿಬಿರಗಳಿಗೆ ಮೊದಲ ದಿನಗಳಿಂದಲೇ ಮನಸ್ಸಿನ ಆರೈಕೆಯ ತಂಡಗಳನ್ನು ಕಳಿಸಿದರು. 2025ರ ಮಾರ್ಚಿಯಲ್ಲಿ ಕಲ್ಪೆಟ್ಟದ ಬಳಿಯ ಎಸ್ಟೇಟೊಂದರಲ್ಲಿ ಹೊಸ ಊರಿಗೆ ಅಡಿಗಲ್ಲು ಹಾಕಿದರು. ನೂರು ಮನೆಗಳ ನೆರವು ಕೊಡುವುದಾಗಿ ಕರ್ನಾಟಕವೂ ಹೇಳಿತು. ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು, ಬಹುಶಃ ನಾನು ಮೇಷ್ಟರಾದುದರಿಂದ, ಚೂರಲ್‌ಮಲೆಯ ವೆಳ್ಳಾರ್‌ಮಲ ಶಾಲೆಯ ಸಂಗತಿ. ಕಟ್ಟಡ ಹೊಳೆಯ ಪಾಲಾಗಿತ್ತು. ವಿದ್ಯಾರ್ಥಿಗಳಲ್ಲಿ ಹಲವರು ಇರಲಿಲ್ಲ. ಉಳಿದ ಮಕ್ಕಳನ್ನು ಸುತ್ತಲ ಹತ್ತು ಶಾಲೆಗಳಿಗೆ ಹಂಚಿಬಿಡುವುದು ಸುಲಭವಾಗಿತ್ತು. ಹಾಗೆ ಮಾಡಲಿಲ್ಲ. 2024ರ ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ಜಾಗ ಮಾಡಿ, ಹೊಸ ವರ್ಷದ ಮೊದಲ ದಿನದಂತೆ ಮಕ್ಕಳನ್ನು ಬರಮಾಡಿಕೊಂಡು, ಅದೇ ಶಾಲೆಯನ್ನು ಮತ್ತೆ ತೆರೆದರು. ಶಾಲೆಯ ಹೆಸರನ್ನು ಬದಲಿಸಲಿಲ್ಲ. ಮಕ್ಕಳ ಗುಂಪನ್ನು ಒಡೆಯಲಿಲ್ಲ. ಬೆಂಚಿನಲ್ಲಿ ಪಕ್ಕಕ್ಕೆ ಕೂರುವ ಹುಡುಗ, ಬದುಕಿದ್ದರೆ, ಅವನೇ.